ನಮ್ಮ 2021 ಬಾಟಲಿಗೆ ಇಳೀತು

ನಿನ್ನೆ ಸಂಜೆಗೆ 2021ರ ಶಾಬ್ಲಿ, ಅಂದ್ರೆ ಫ್ರಾನ್ಸಿನ ಶಾಬ್ಲಿ ಸೀಮೆಯ ಬಿಳಿ ವೈನ್, ಪೂರ್ತಿ ಬಾಟಲಿಗೆ ಇಳೀತು. ಬಾಟ್ಲಿಂಗ್ ಲಾರಿ ಹೋದ್ಮೇಲೆ ಸೆಲ್ಲಾರ್ ಬಾಗಿಲಲ್ಲೇ ಕೂತ್ಬಿಟ್ಟೆ. ಮಾವ ಹೋದ್ಮೇಲೆ ಮನೆ ಹೇಗಿತ್ತು, ಆ ವರ್ಷ ಏನೇನಾಯ್ತು ಎಲ್ಲ ನಿಮಗೆ ಗೊತ್ತು, ಮತ್ತೆ ಬರೆಯಲ್ಲ. ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು.

ಕೊಯ್ಲಿಗೆ ಬಂದ ಹುಡುಗ್ರು, ಅಷ್ಟೂ ಜನಕ್ಕೆ ಅಡುಗೆ ಮಾಡಿ ಬಡಿಸಿದ ಅತ್ತೆ, ವೈನ್ ಕಮ್ಮಿ ಅಂತ ಗೊತ್ತಿದ್ದೂ ಆರ್ಡರ್ ಬಿಡದೆ ಕಾದ ಗಿರಾಕಿಗಳು, ಎಷ್ಟೊತ್ತಿಗೆ ಫೋನ್ ಮಾಡಿದ್ರೂ ಎತ್ತಿದ ಚಿಕ್ಕಬಳ್ಳಾಪುರದ ಅಕ್ಕ, ಎಲ್ರಿಗೂ ಕೈ ಮುಗೀತೀನಿ.

ಪಕ್ಕದ ತೋಟದ ಅಜ್ಜನ ಬಗ್ಗೆ ಮಾತ್ರ ಒಂದು ಸಾಲಲ್ಲಿ ಮುಗಿಸಕ್ಕಾಗಲ್ಲ.

ಆ ಮಾರ್ಚ್ ಕೊನೇಲಿ ಬೇಸಿಗೆ ಥರ ಬಿಸಿಲು ಬಂದು ಶಾರ್ಡನೆ ದ್ರಾಕ್ಷಿ ಮೊಗ್ಗು ಬೇಗ ಬಿಚ್ಕೊಂಡಿತ್ತು, ಏಪ್ರಿಲ್ ಮೊದಲ ವಾರ ಸೊನ್ನೆಗಿಂತ ಕೆಳಗಿನ ಚಳಿ ಬಂತು. ಸ್ಪ್ರಿಂಕ್ಲರ್ ಇರೋರು ಮೊಗ್ಗಿನ ಮೇಲೆ ನೀರು ಬಿಡ್ತಾರೆ, ನೀರು ಐಸ್ ಆಗುವಾಗ ಬಿಡೋ ಶಾಖದಲ್ಲೇ ಮೊಗ್ಗು ಉಳಿಯುತ್ತೆ, ನಮ್ಮ ಇಳಿಜಾರಲ್ಲಿ ಅದಿಲ್ಲ, ಇದ್ದಿದ್ದು ಸಾಲಿನ ಮಧ್ಯೆ ಹಚ್ಚಿಡೋ ಮೇಣದ ಡಬ್ಬ, ಹೆಕ್ಟೇರಿಗೆ ಮುನ್ನೂರು ನಾನೂರು ಬೇಕು, ನಮ್ಮ ಹತ್ರ ಅರ್ಧನೂ ಇರ್ಲಿಲ್ಲ. ಎರಡನೇ ರಾತ್ರಿ, ಎರಡು ಗಂಟೆ ಹೊತ್ತಿಗೆ, ಅಜ್ಜ ತಮ್ಮ ಪಾಲಿನ ಡಬ್ಬ ಎಲ್ಲ ಟ್ರಾಕ್ಟರಿಗೆ ಹೇರ್ಕೊಂಡು ಬಂದ್ರು. ನಿಮ್ಮ ತೋಟಕ್ಕೆ ಬೇಡ್ವಾ ಅಂದೆ. "ನಂದು ತಗ್ಗಲ್ಲಿದೆ, ಚಳಿ ಎಲ್ಲ ಅಲ್ಲೇ ಇಳಿಯುತ್ತೆ, ಏನು ಹಚ್ಚಿದ್ರೂ ಉಳಿಯಲ್ಲ. ನಿಂದು ಉಳೀಬೋದು" ಅಂದ್ರು. ಬೆಳಗಾಗೋವರೆಗೂ ಆರಿದ್ದನ್ನ ಮತ್ತೆ ಹಚ್ತಾ, ಆ ಕೊನೆಯಿಂದ ಈ ಕೊನೆಗೆ, ಆ ವಯಸ್ಸಲ್ಲಿ.

ಬಿಸಿಲು ಬಂದಾಗ ನಾನು ಸಾಲಿನ ಮಧ್ಯೆ ಕುಸಿದು ಅತ್ಬಿಟ್ಟೆ. ಮಾರಿಬಿಡ್ತೀನಿ, ಇದು ನನ್ನ ನೆಲ ಅಲ್ಲ, ನನಗ್ಯಾಕೆ ಇದೆಲ್ಲ ಅಂದೆ, ಮಾವ ಕೇಳಿಸ್ಕೊಂಡ್ರೇನೋ ಅಂತ ಇವತ್ತಿಗೂ ಸಂಕಟ ಆಗುತ್ತೆ. ಅಜ್ಜ ಸಮಾಧಾನ ಮಾಡ್ಲಿಲ್ಲ. ಜೇಬಿಂದ ಚಾಕು ತೆಗೆದು ಒಂದು ಮೊಗ್ಗು ಸೀಳಿ ತೋರಿಸಿದ್ರು, ಒಳಗೆ ಕಂದು ಇದ್ರೆ ಸತ್ತಿದೆ, ಹಸಿರಿದ್ರೆ ಬದುಕಿದೆ. "ಎಣಿಸಮ್ಮ" ಅಂದ್ರು. ಹತ್ತಕ್ಕೆ ಮೂರು ಹಸಿರು. ಆಲಿಕಲ್ಲು ಬಿದ್ದ ಮಾರನೇ ದಿನ ನಮ್ಮಪ್ಪನೂ ಹೀಗೇ ಬೆಂಗಳೂರು ಬ್ಲೂ ದ್ರಾಕ್ಷಿ ಚಪ್ಪರದಡಿ ಗೊನೆ ಎಣಿಸ್ತಾ ಓಡಾಡೋರು, ಅದು ನೆನಪಾಗಿ ಎದ್ದೆ.

ಕೊಯ್ಲಲ್ಲಿ ಹಣ್ಣು ಇಷ್ಟೇ ಇಷ್ಟು, ಎಲ್ಲ ಒಂದೇ ಟ್ಯಾಂಕಿಗೆ ಹಾಕೋಣ ಅಂದ್ವಿ. ಬೇಡ, ಇಳಿಜಾರಿನ ಮೇಲಿನ ತುಂಡು ನೆಲದ ಹಣ್ಣು ಬೇರೆ ಇಡಿ ಅಂತ ಅಜ್ಜ ತಮ್ಮ ಹಳೇ 132 ಲೀಟರಿನ ಪೀಪಾಯಿ ತೊಳೆದು ಕೊಟ್ರು. ಅಲ್ಲಿ ಮಣ್ಣು ತೆಳು, ಕೆದಕಿದ್ರೆ ಸುಮಾರು 15 ಕೋಟಿ ವರ್ಷದ ಹಳೇ ಸಮುದ್ರದ ಪುಟ್ಟ ಪುಟ್ಟ ಸಿಂಪಿ ಸಿಕ್ಕೋ ಸುಣ್ಣದ ಕಲ್ಲು. ಆ ಪೀಪಾಯಿ ವೈನ್ ನಿನ್ನೆ ಕುಡಿದ್ವಿ. ಹುಳಿ ಚೂಪಾಗಿದೆ, ಕೊನೇಲಿ ನಾಲಿಗೆ ಮೇಲೆ ಉಪ್ಪು ನಿಲ್ಲುತ್ತೆ. ಮಾವ ಮಾಡ್ತಿದ್ದ ವೈನ್ ಥರಾನೇ.

ಅಜ್ಜ, ಆ ಪೀಪಾಯಿಯ ಮೊದಲ ಕೇಸ್ ನಿಮ್ದು, ಭಾನುವಾರ ತರ್ತೀವಿ. ಈ ಸಲ ಮೇಣದ ಡಬ್ಬ ನಿಮ್ಮ ತೋಟಕ್ಕೂ ಸೇರಿಸಿ ತರಿಸಿದೀನಿ.