ಚರ್ಚೆ ಹಾಲ್ ಒಳಗೆ, ರೈತ ಹೊಲದಲ್ಲಿ

ಸಂಪಾದಕರೇ, ನಮಸ್ಕಾರ.

ಮೊನ್ನೆ ಕೃಷಿ ಮೇಳಕ್ಕೆ ಹೋಗಿ ಎರಡು ದಿನ ಪೂರ್ತಿ ಸುತ್ತಾಡಿ ಬಂದೆ, ಒಂದು ವಿಷಯ ತಲೇಲಿ ಕೊರೀತಾನೇ ಇದೆ, ಅದಕ್ಕೇ ಈ ಪತ್ರ. ಬೆಳಗ್ಗೆ ಹನ್ನೊಂದಕ್ಕೆ ಹಾಲ್‌ನಲ್ಲಿ ಸಬ್ಸಿಡಿ, ಬೆಳೆ ವಿಮೆ, ಯಂತ್ರಗಳಿಗೆ ಸರ್ಕಾರ ಮಾಡೋ ಪಾಲಿಸಿ ಬಗ್ಗೆ ಚರ್ಚೆ ಇಟ್ಟಿದ್ರು, ಅದೇ ಹನ್ನೊಂದಕ್ಕೆ ಹಿಂದಿನ ಹೊಲದಲ್ಲಿ ಬೆಳೆ ಕೊಯ್ದು ಅಲ್ಲೇ ಕಾಳು ಬಿಡಿಸೋ ಕಂಬೈನ್ ಹಾರ್ವೆಸ್ಟರ್ ಡೆಮೊ. ಯಾವ ರೈತ ತಾನೇ ಒಳಗೆ ಕೂರ್ತಾನೆ ಹೇಳಿ? ಇಣುಕಿ ನೋಡ್ದೆ, ಮುಂದಿನ ಎರಡು ಸಾಲು ಅಧಿಕಾರಿಗಳು, ಕಂಪನಿಯವ್ರು, ಹಿಂದೆಲ್ಲ ಖಾಲಿ ಕುರ್ಚಿ. ಆದ್ರೂ ಭಾಷಣ ಶುರುವಾಗಿದ್ದು ಮಾತ್ರ "ರೈತ ಬಾಂಧವರೇ" ಅಂತಾನೇ!

ಹೊಲದಲ್ಲಿ ನೋಡಿದ್ರೆ ಜಾತ್ರೆ. ಮೆಷಿನ್ ಒಂದು ಸುತ್ತು ಹೋಗಿ ಬಂತು, ಮೈಕಲ್ಲಿ ಇಷ್ಟು ಎಚ್‌ಪಿ, ಇಷ್ಟು ಅಗಲ ಅಂತ ಹೇಳ್ತಾನೇ ಇದ್ರು, ಅಷ್ಟರಲ್ಲಿ ವಯಸ್ಸಾದ ಯಜಮಾನ್ರೊಬ್ರು ಮೆಷಿನ್ ಹಿಂದೆ ಬಿದ್ದಿದ್ದ ಹುಲ್ಲನ್ನ ಒಂದು ಹಿಡಿ ಬಾಚ್ಕೊಂಡು, ಅಂಗೈಲಿ ಉಜ್ಜಿ, ಉಫ್ ಅಂತ ಊದಿ, ಉಳಿದ ಕಾಳು ಎಣಿಸಿ "ಇದು ಯಾರ ಲೆಕ್ಕಕ್ಕೆ?" ಅಂದ್ರು. ಮೈಕ್ ಹಿಡಿದಿದ್ದವನು ನಕ್ಕು "ಸೆಟ್ಟಿಂಗ್ ಸರಿ ಇದ್ರೆ ಹಂಗಾಗಲ್ಲ" ಅಂದ. ನಿಜ, ಮೆಷಿನ್ ಒಳಗಿನ ಫ್ಯಾನ್ ಗಾಳಿ ಜಾಸ್ತಿ ಇಟ್ರೆ, ಓಟ ಜಾಸ್ತಿ ಮಾಡಿದ್ರೆ, ಬೆಳೆ ಹಸಿ ಇದ್ರೆ ಕಾಳು ಹಿಂದಕ್ಕೆ ಹೋಗುತ್ತೆ. ಆದ್ರೆ ಡೆಮೊ ಹೊಲ ಒಣಗಿತ್ತು, ಬೆಳೆ ನೆಟ್ಟಗೆ ನಿಂತಿತ್ತು, ಕಳೆ ಒಂದೂ ಇರ್ಲಿಲ್ಲ, ಅಂಥ ಹೊಲದಲ್ಲೇ ಹಿಂಗಾದ್ರೆ ಮಳೆಗೆ ಮಲಗಿದ ಬೆಳೆ ಗತಿ ಏನು?

ಬೆಳೆಗೆ ಔಷಧಿ ಹೊಡೆಯೋ ಡ್ರೋನ್ ಸ್ಟಾಲ್‌ನ ಹುಡುಗನ್ನ ಮಾತ್ರ ಮೆಚ್ಚಲೇಬೇಕು. ನೀರು ಬಿದ್ರೆ ನೀಲಿ ಆಗೋ ಹಳದಿ ಕಾಗದ ಬರುತ್ತಲ್ಲ, ಅದನ್ನ ಗಿಡದ ತುದಿಗೊಂದು, ಬುಡದ ಎಲೆಗೊಂದು ಸಿಕ್ಕಿಸಿ ಮೇಲಿಂದ ಸ್ಪ್ರೇ ಮಾಡಿಸಿದ. ತುದಿ ಕಾಗದದ ತುಂಬಾ ಚುಕ್ಕೆ, ಬುಡದ್ದರಲ್ಲಿ ಎಣಿಸಿ ಐದಾರು. ಮುಚ್ಚಿಡದೆ ಎಲ್ಲರಿಗೂ ತೋರಿಸ್ದ, ಗಾಳಿ ಇದ್ರೆ ಪಕ್ಕದ ಹೊಲಕ್ಕೂ ಹೋಗುತ್ತೆ ಅಂತಾನೂ ಅಂದ. ಹಂಗಾದ್ರೆ ಬದುವಿಂದ ಎಷ್ಟು ದೂರ ಬಿಡ್ಬೇಕು, ಪಕ್ಕದವನ ಬೆಳೆ ಸುಟ್ರೆ ಯಾರು ಕಟ್ಕೊಡ್ತಾರೆ ಅಂತ ಹತ್ತು ಜನ ಕೇಳಿದ್ರು, ಉತ್ತರ ಕೊಡಬೇಕಾದೋರು ಹಾಲ್‌ನಲ್ಲಿದ್ರು.

ಡೆಮೊ ಬೇರೆ, ಪಾಲಿಸಿ ಬೇರೆ ಅಂದ್ಕೊಂಡಿರೋದೇ ತಪ್ಪು. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ವಿಲ್ಮಟ್ ಕ್ರೋಜಿಯರ್ ಅಂತ ಒಬ್ಬ ರೈತ ಇದ್ರು, ಶಾಸಕರೂ ಹೌದು, ಹೆಸರು ನೋಡಿ ಟ್ರಾಕ್ಟರ್ ತಗೊಂಡು ಕೈಸುಟ್ಕೊಂಡೋರು. ಅವರು ಹಟ ಹಿಡಿದು 1919ರಲ್ಲಿ ಕಾನೂನು ತರಿಸಿದ್ರು, ಮಾರೋ ಟ್ರಾಕ್ಟರ್ ಮಾದರಿ ಯೂನಿವರ್ಸಿಟೀಲಿ ಟೆಸ್ಟ್ ಆಗ್ಬೇಕು, ಬಿಡಿಭಾಗ ಆ ರಾಜ್ಯದಲ್ಲೇ ಸಿಗ್ಬೇಕು ಅಂತ. 1920ರಿಂದ ಟೆಸ್ಟ್ ಶುರುವಾಯ್ತು, ಎಳೆಯೋ ಶಕ್ತಿ ಎಷ್ಟು, ಇಂಧನ ಎಷ್ಟು ಕುಡಿಯುತ್ತೆ ಎಲ್ಲಾ ಅಳೆದು ಪ್ರಿಂಟ್ ಮಾಡೋರು, ಕಂಪನಿಗಳ ಜಂಬದ ಮಾತು ತಾನಾಗೇ ಕಡಿಮೆ ಆಯ್ತು. ಆ ಲ್ಯಾಬ್ ಇವತ್ತಿಗೂ ಇದೆ.

ರಿಪೇರಿ ವಿಷಯಾನೂ ಅಷ್ಟೇ. ಕೊಯ್ಲಿನ ಮಧ್ಯೆ ನನ್ನ ಮೆಷಿನ್ ಒಂದು ಸೆನ್ಸರ್ ಕೆಟ್ಟು ನಿಂತೋಯ್ತು, ಕಂಪನಿ ಸಾಫ್ಟ್‌ವೇರ್ ಇರೋ ಲ್ಯಾಪ್‌ಟಾಪ್ ಹಿಡ್ಕೊಂಡು ಕಂಪನಿಯವನು ಬರೋವರ್ಗೂ ಆರು ದಿನ ಆಕಾಶ ನೋಡ್ಕೊಂಡು ಕೂತೆ. (ಪಾರ್ಟ್ ಹಾಕೋಕೆ ಹಿಡಿದಿದ್ದು ಇಪ್ಪತ್ತು ನಿಮಿಷ.) ಅಮೆರಿಕದ ಕೊಲರಾಡೋ ರಾಜ್ಯ 2023ರಲ್ಲೇ ಕಾನೂನು ಮಾಡಿ, 2024ರ ಜನವರಿಯಿಂದ ಕಂಪನಿಗಳು ಕೃಷಿ ಯಂತ್ರಗಳ ರಿಪೇರಿ ಮಾಹಿತಿ, ಟೂಲ್, ಪಾರ್ಟ್ಸ್ ರೈತರಿಗೂ ಕೊಡ್ಬೇಕು ಅಂತ ಮಾಡಿದೆ. ಇಂಥ ವಿಷಯ ಹಾಲ್‌ನಲ್ಲಿ ಒಬ್ರ ಬಾಯಲ್ಲೂ ಬರ್ಲಿಲ್ಲವಂತೆ, ಕೊನೇವರ್ಗೂ ಕೂತಿದ್ದ ಸ್ನೇಹಿತ ಹೇಳ್ದ.

ಮೇಳ ಮಾಡೋರಿಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ಳೋದು ಇಷ್ಟೇ. ಡೆಮೊ ಮುಗಿದ ತಕ್ಷಣ ಅದೇ ಹೊಲದಲ್ಲಿ ಒಂದು ಗಂಟೆ ಚರ್ಚೆ ಇಡಿ, ಎಕರೆಗೆ ಎಷ್ಟು ಡೀಸೆಲ್ ಹೋಯ್ತು, ಎಷ್ಟು ಕಾಳು ಉದುರ್ತು ಅಂತ ಬೋರ್ಡ್ ಮೇಲೆ ಬರೀರಿ, ಸಬ್ಸಿಡಿ ಲಿಸ್ಟ್ ಮಾಡೋ ಅಧಿಕಾರಿಗಳು ಆ ಬೋರ್ಡ್ ಪಕ್ಕ ನಿಂತು ಮಾತಾಡ್ಲಿ. ಕುರ್ಚಿ ಹಾಕಿಸದಿದ್ರೂ ಪರವಾಗಿಲ್ಲ, ನಾವು ಬದು ಮೇಲೆ ಕೂತ್ಕೋತೀವಿ.

ಇಂತಿ,
ನಿಮ್ಮ ಓದುಗ, ಒಬ್ಬ ರೈತ