ಕಾಲೂ ಉಳಿಯಿತು, ಅಕ್ಕ ಕೊಟ್ಟ ಕಿಡ್ನಿಯೂ ಉಳಿಯಿತು

ಮೊನ್ನೆ ಡಾಕ್ಟರು, ಕಾಲಿಗೆ ಹತ್ತಿದ್ದ ಬೂಸ್ಟಿನ ಸೋಂಕಿಗೆ ಕೊಡುತ್ತಿದ್ದ ಪೋಸಕೊನಜೋಲ್ ಮಾತ್ರೆ ನಿಲ್ಲಿಸಿದರು. ತೊಡೆಯಿಂದ ತೆಗೆದು ಕಾಲಿಗೆ ಹಾಕಿದ ಚರ್ಮ ಪೂರ್ತಿ ಕೂತಿದೆ, ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.4ಕ್ಕೆ ಇಳಿದಿದೆ. ಫೋನ್ ಮಾಡಿ ವಿಚಾರಿಸುತ್ತಿದ್ದವರಿಗೆಲ್ಲ ಒಂದೇ ಸಲ ಹೇಳಿಬಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಋಣ ತುಂಬಾ ಜನರದ್ದಿದೆ. ಅವರಲ್ಲಿ ಕೆಲವರಿಗೆ ನನ್ನ ಮುಖವೂ ನೆನಪಿರಲಿಕ್ಕಿಲ್ಲ.

ಆದದ್ದಿಷ್ಟು. ಅಡಿಕೆ ಸೋಗೆ ಬಿದ್ದು ಮೊಣಕಾಲಿನ ಕೆಳಗೆ ತರಚಿತು. ತೋಟದವರು ಇದನ್ನು ಗಾಯದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಕಸಿ ಮಾಡಿದ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಎಂದು ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್ ನುಂಗುವವರ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿಟ್ಟಿರುತ್ತಾರೆ. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಸದಾ ಇರುವ ಬೂಸ್ಟು ಆ ತರಚಿನೊಳಗೆ ಇಳಿದುಬಿಟ್ಟಿತು. ಸುತ್ತ ಕೆಂಪು, ಆಮೇಲೆ ನೇರಳೆ, ನಟ್ಟನಡುವೆ ಕಪ್ಪು. ಆಂಟಿಬಯೋಟಿಕ್ ಹೋಗುತ್ತಲೇ ಇತ್ತು, ಕಪ್ಪು ಅಗಲವಾಗುತ್ತಲೇ ಇತ್ತು.

ಮೊದಲ ನಮಸ್ಕಾರ ಅಂದು ರಾತ್ರಿ ಡ್ಯೂಟಿಯಲ್ಲಿದ್ದ ಪಿಜಿ ಡಾಕ್ಟರಮ್ಮನಿಗೆ. ನನ್ನ ಮಗಳ ವಯಸ್ಸಿರಬಹುದು. "ಬೆಳಿಗ್ಗೆವರೆಗೆ ಕಾಯೋದು ಬೇಡ ಅಂಕಲ್, ಈಗಲೇ ಒಂದು ತುಂಡು ತೆಗೀತೀನಿ" ಎಂದರು. ತೆಗೆದದ್ದರಲ್ಲಿ ಒಂದು ಚೂರು ಫಾರ್ಮಲಿನ್‌ಗೆ, ಇನ್ನೊಂದು ಸಲೈನ್‌ಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಬೂಸ್ಟು ಸತ್ತುಹೋಗಿ, ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲವಂತೆ. ಡಬ್ಬಿ ಹಿಡಿದು ಲ್ಯಾಬಿಗೆ ಓಡಿದವರೂ ಅವರೇ.

ಲ್ಯಾಬಿನವರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ರೋಗಿಗಳು ಡಾಕ್ಟರಿಗೆ ಹಣ್ಣು ತರುತ್ತಾರೆ, ಮೈಕ್ರೋಬಯಾಲಜಿಯವರ ಬಾಗಿಲು ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ. ಕಲ್ಚರ್‌ಗೆ ದಿನಗಟ್ಟಲೆ ಬೇಕು. ಇವರು ಆ ಚೂರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟು, ಆ ರಾತ್ರಿಯೇ ಮ್ಯೂಕರ್ (ಜನ ಬ್ಲ್ಯಾಕ್ ಫಂಗಸ್ ಅನ್ನುತ್ತಾರಲ್ಲ, ಅದು) ಜಾತಿಯದ್ದು ಎಂದು ವಾರ್ಡಿಗೆ ಫೋನ್ ಮಾಡಿದರು. ಡಿಸ್ಚಾರ್ಜ್ ದಿನ ಹುಡುಕಿಕೊಂಡು ಹೋದಾಗ ಮೊಬೈಲ್‌ನಲ್ಲಿ ಫೋಟೋ ತೋರಿಸಿದರು. ಹೂ ಕಟ್ಟುವ ಬಾಳೆನಾರನ್ನು ಅಲ್ಲಲ್ಲಿ ಮಡಚಿ ಚೆಲ್ಲಿದ ಹಾಗಿತ್ತು. ಅಗಲವಾದ ಎಳೆಗಳು, ನಡುವೆ ಅಡ್ಡಗೋಡೆಗಳು ಬಹಳ ವಿರಳ, ಕವಲೊಡೆಯುವಾಗ ನೇರ ಲಂಬಕೋನ. ಎಳೆ ತೆಳ್ಳಗಿದ್ದು ಗಂಟುಗಂಟಾಗಿದ್ದರೆ ಬೇರೆ ಬೂಸ್ಟು, ಬೇರೆ ಔಷಧಿ.

ಈ ಬೂಸ್ಟು ರಕ್ತನಾಳದೊಳಗೇ ನುಗ್ಗಿ ಅದನ್ನು ಮುಚ್ಚುತ್ತದೆ. ಕಪ್ಪಾಗುವುದು ರಕ್ತ ಹರಿಯದೆ ಸತ್ತ ಚರ್ಮ. ರಕ್ತವೇ ಹೋಗದ ಕಡೆ ಔಷಧಿ ಹೋಗುವುದಾದರೂ ಹೇಗೆ? ಹಾಗಾಗಿ ಸರ್ಜನ್ ರಕ್ತ ಜಿನುಗುವ ಜಾಗ ಸಿಗುವವರೆಗೂ ಕತ್ತರಿಸುತ್ತಾ ಹೋದರು, ಮತ್ತೆ ಮತ್ತೆ ಥಿಯೇಟರಿಗೆ ಕರೆದೊಯ್ದರು. ಕಾಲೇ ಹೋಗುತ್ತದೇನೋ ಅಂದುಕೊಂಡಿದ್ದೆ. ಅವರಿಗೆ ಸಾಷ್ಟಾಂಗ.

ಔಷಧಿ ಲೈಪೋಸೋಮಲ್ ಆಂಫೋಟೆರಿಸಿನ್. ಕೆಜಿಗೆ 5 ಮಿಲಿಗ್ರಾಂ. 60 ಕೆಜಿಯ ನನಗೆ ದಿನಕ್ಕೆ 50 ಮಿಲಿಗ್ರಾಂನ ಆರು ವಯಲ್. 2021ರಲ್ಲಿ ಕೋವಿಡ್ ಹಿಂದೆಯೇ ಮ್ಯೂಕರ್ ಬಂದು ಜನ ಇದೇ ವಯಲ್‌ಗಾಗಿ ಊರೂರು ಅಲೆದದ್ದು ನೆನಪಿರಬೇಕು. ನನಗೆ ಒಂದು ದಿನವೂ ತಪ್ಪದಂತೆ ಒದಗಿಸಿದ ಔಷಧಿ ಅಂಗಡಿಯವರಿಗೂ, ಅಡಿಕೆ ಒಣಗುವ ಮೊದಲೇ ಮುಂಗಡ ಕೊಟ್ಟ ಮಂಡಿ ಸಾಹುಕಾರರಿಗೂ ನಮಸ್ಕಾರ. ಚಳಿ ಹತ್ತಿ ಮಂಚವೇ ಅಲುಗುವಾಗ ಡ್ರಿಪ್ ನಿಧಾನ ಮಾಡಿ, ಎರಡು ಕಂಬಳಿ ಹೊದಿಸಿ ಪಕ್ಕದಲ್ಲೇ ನಿಂತ ಸಿಸ್ಟರ್, ನಿಮಗೂ.

ಈ ಔಷಧಿಗೆ ಕಿಡ್ನಿಯ ಮೇಲೇ ಕಣ್ಣು. ರಕ್ತದಲ್ಲಿನ ಪೊಟ್ಯಾಸಿಯಂ ಅನ್ನೂ ಇಳಿಸುತ್ತದೆ. ಪೊಟ್ಯಾಸಿಯಂ ಜಾಸ್ತಿ, ಬಾಳೆಹಣ್ಣು ಮುಟ್ಟಬೇಡಿ ಎಂದಿದ್ದ ನೆಫ್ರಾಲಜಿಸ್ಟರೇ ಈಗ ಪೊಟ್ಯಾಸಿಯಂ ಸಿರಪ್ ಕುಡಿಸಿದರು! ಮೈಕೋಫಿನೋಲೇಟ್ ನಿಲ್ಲಿಸಿದರು. ಪೋಸಕೊನಜೋಲ್ ಶುರುವಾದಾಗ ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರುತ್ತದೆಂದು ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಲೆವೆಲ್ ನೋಡುತ್ತಲೇ ಇದ್ದರು. ಈಗ ಆ ಮಾತ್ರೆ ನಿಂತಿದೆಯಲ್ಲ, ಟ್ಯಾಕ್ರೋಲಿಮಸ್ ಮತ್ತೆ ಏರಿಸಬೇಕು. ನಾಳೆ ಮತ್ತೆ ರಕ್ತಪರೀಕ್ಷೆ.

ಕಿಡ್ನಿ ಹೋದರೂ ಹೋಗಬಹುದು ಎಂದಾಗ ಅಕ್ಕನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಅವಳೇ ಫೋನ್ ಮಾಡಿದಳು. "ಕೊಟ್ಟ ಮೇಲೆ ಅದು ನಿಂದೇ ಮಾರಾಯ. ಡಾಕ್ಟ್ರು ಹೇಳ್ದಂಗೆ ಮಾಡು. ಊಟ ಮಾಡಿದ್ಯಾ?" ಅಕ್ಕ, ನಿನಗೆ ಇಲ್ಲಿ ಏನು ಬರೆಯಲಿ.

ಅಂಟುರೋಗವೆಂದು ಹೆದರಿ ಕೆಲವರು ಮನೆ ಕಡೆ ಬರಲಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಇನ್ನು ಧಾರಾಳವಾಗಿ ಬನ್ನಿ. ಬಂದವರಂತೂ ಕೊನೆಕೊಯ್ಲು ಮುಗಿಸಿ, ಸುಲಿದು, ಬೇಯಿಸಿ, ಒಣಗಿಸಿಯೂ ಕೊಟ್ಟಿದ್ದೀರಿ. ಕೂಲಿಯ ಮಾತೆತ್ತಿದರೆ "ಆಮೇಲೆ ನೋಡೋಣ" ಅನ್ನುತ್ತೀರಿ. ಆಮೇಲೆ ಅಂದರೆ ಈ ಭಾನುವಾರ. ಲೆಕ್ಕದ ಪುಸ್ತಕ ತೆಗೆದಿಟ್ಟಿದ್ದೇನೆ, ಊಟ ನಮ್ಮಲ್ಲೇ.