ಮಿಷಿಗನ್ ಸರೋವರದ ದಡದಲ್ಲಿ ಡೇರೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಮಕ್ಕಳು, ಮೊಮ್ಮಕ್ಕಳನ್ನು ನೋಡಲು ಕರ್ನಾಟಕದಿಂದ ಅಮೆರಿಕಕ್ಕೆ ಬರುವ ಹಿರಿಯರಲ್ಲಿ ಹೆಚ್ಚಿನವರು ನಯಾಗರ ಜಲಪಾತ, ನ್ಯೂಯಾರ್ಕ್, ವಾಷಿಂಗ್ಟನ್ ನೋಡಿಕೊಂಡು ಹಿಂದಿರುಗುತ್ತಾರೆ. ಪತ್ರಿಕೆಗಳ ಪ್ರವಾಸ ಪುಟಗಳೂ ಬಹುಪಾಲು ಇವೇ ಊರುಗಳ ಸುತ್ತ ಸುತ್ತುತ್ತಿರುತ್ತವೆ. ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗನಾಗಿ ಈ ಪತ್ರ ಬರೆಯುತ್ತಿರುವುದು, ಹೀಗೆ ಬರುವ ತಂದೆತಾಯಂದಿರು ಮೊಮ್ಮಕ್ಕಳ ಜೊತೆ ಎರಡು ಮೂರು ರಾತ್ರಿಯಾದರೂ ಮಿಷಿಗನ್ ಸರೋವರದ ದಡದ ರಾಜ್ಯ ಉದ್ಯಾನವೊಂದರಲ್ಲಿ (ಸ್ಟೇಟ್ ಪಾರ್ಕ್) ಡೇರೆ ಹಾಕಿ ತಂಗಬೇಕು ಎಂದು ಹೇಳುವುದಕ್ಕೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ನೀರು ಮತ್ತು ಮರಳು ಎಂಥವು ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗಬೇಕು ಎಂಬುದೂ ಇದರ ಉದ್ದೇಶ.

ಉದಾಹರಣೆಗೆ ನನಗೆ ಚೆನ್ನಾಗಿ ಗೊತ್ತಿರುವ ಲಡಿಂಗ್ಟನ್ ರಾಜ್ಯ ಉದ್ಯಾನವನ್ನೇ ತೆಗೆದುಕೊಳ್ಳುತ್ತೇನೆ. ಡೆಟ್ರಾಯಿಟ್‌ನಿಂದ ವಾಯವ್ಯಕ್ಕೆ ಸುಮಾರು ನಾಲ್ಕು ಗಂಟೆಯ ಕಾರಿನ ದಾರಿ. ಪಶ್ಚಿಮಕ್ಕೆ ಮಿಷಿಗನ್ ಸರೋವರ, ಪೂರ್ವಕ್ಕೆ ಹ್ಯಾಮ್ಲಿನ್ ಸರೋವರ, ಇವೆರಡರ ನಡುವೆ ಮರಳುದಿಬ್ಬ, ಕಾಡು, ಜೌಗು ಎಲ್ಲ ಸೇರಿ ಐದು ಸಾವಿರಕ್ಕೂ ಹೆಚ್ಚು ಎಕರೆ. ಎರಡೂ ಸರೋವರಗಳನ್ನು ಜೋಡಿಸುವ ಬಿಗ್ ಸೇಬಲ್ ನದಿಯ ಉದ್ದ ಒಂದೂವರೆ ಕಿಲೋಮೀಟರಿನಷ್ಟೇ. ಮಕ್ಕಳು ಗಾಳಿ ತುಂಬಿದ ರಬ್ಬರ್ ಟ್ಯೂಬಿನಲ್ಲಿ ಕುಳಿತು ಅದರಲ್ಲಿ ತೇಲಿ ಬರುತ್ತಾರೆ. ಹ್ಯಾಮ್ಲಿನ್ ಸರೋವರ ಇಂದಿನ ಗಾತ್ರಕ್ಕೆ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ದಿಮ್ಮಿ ತೇಲಿಸಲು ನದಿಗೆ ಅಡ್ಡಲಾಗಿ ಹಾಕಿದ ಕಟ್ಟೆಯಿಂದ. ಆ ಕಟ್ಟೆ 1888ರಲ್ಲಿ ಒಡೆದು, ಕೆಳಗಿದ್ದ ಹ್ಯಾಮ್ಲಿನ್ ಎಂಬ ಹಳ್ಳಿ ಕೊಚ್ಚಿಹೋಯಿತು. ಉದ್ಯಾನ ಆರಂಭವಾದದ್ದು 1936ರಲ್ಲಿ. ಆರ್ಥಿಕ ಮಹಾಕುಸಿತದ ಆ ವರ್ಷಗಳಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲೆಂದು ಸರ್ಕಾರ ಕಟ್ಟಿದ ದಳವೇ ಇಲ್ಲಿನ ಕಡಲತೀರದಂಥ ದಡದ ಮೇಲಿನ ಇಟ್ಟಿಗೆಯ ಕಟ್ಟಡವನ್ನೂ ಹಲವು ಕಾಲುದಾರಿಗಳನ್ನೂ ನಿರ್ಮಿಸಿತು.

ಮೊದಲ ಸಲ ನೋಡುವವರು ಬೆರಗಾಗುವುದು ಮರಳಿಗೆ. ಸಮುದ್ರವಿಲ್ಲದ ನಾಡಿನಲ್ಲಿ ಇಷ್ಟು ಮರಳು ಎಲ್ಲಿಂದ ಬಂತು? ಹಿಮಯುಗದ ಹಿಮನದಿಗಳು ಬಂಡೆಗಳನ್ನು ಅರೆದು ರಾಶಿಹಾಕಿಹೋದ ಮರಳನ್ನು ಹೊಳೆಗಳೂ ಅಲೆಗಳೂ ದಡಕ್ಕೆ ಒಯ್ದವು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಸರೋವರದ ಮಟ್ಟ ಈಗಿನದಕ್ಕಿಂತ ಎತ್ತರಕ್ಕೇರಿ ಮತ್ತೆ ಇಳಿದಾಗ ಬಯಲಾದ ಮರಳನ್ನು ಪಶ್ಚಿಮದ ಗಾಳಿ ಪೂರ್ವದ ದಡದಲ್ಲಿ ಪೇರಿಸಿತು. ಆದ್ದರಿಂದಲೇ ದೊಡ್ಡ ದಿಬ್ಬಗಳು ಹೆಚ್ಚಾಗಿರುವುದು ಮಿಷಿಗನ್ ಕಡೆಯಲ್ಲಿ, ಎದುರು ದಡದ ವಿಸ್ಕಾನ್ಸಿನ್‌ನಲ್ಲಲ್ಲ. ಸಿಹಿನೀರಿನ ದಡದ ಮರಳುದಿಬ್ಬಗಳು ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಇಲ್ಲಿ.

ಈ ದಿಬ್ಬಗಳನ್ನು ಹಿಡಿದು ನಿಲ್ಲಿಸಿರುವುದು ಮ್ಯಾರಮ್ ಎಂಬ ಹುಲ್ಲು. ಮರಳು ಮೇಲೆ ಬಿದ್ದಷ್ಟೂ ಅದು ಮೇಲಕ್ಕೆ ಚಿಗುರುತ್ತದೆ, ನೆಲದೊಳಗೆ ಬೇರಿನಂಥ ಕಾಂಡವನ್ನು ಹರಡಿಕೊಳ್ಳುತ್ತದೆ. ಆದರೆ ಕಾಲ್ತುಳಿತವನ್ನು ಮಾತ್ರ ಅದು ತಾಳದು. ಹತ್ತಾರು ಜನ ಒಂದೇ ಜಾಗದಲ್ಲಿ ಹತ್ತಿಳಿದರೆ ಹುಲ್ಲು ಸತ್ತು, ಅಲ್ಲಿಂದ ಗಾಳಿ ಮರಳನ್ನು ಕೊರೆಯಲು ಶುರುಮಾಡುತ್ತದೆ. ಅದೇ ಮರಳಿನಲ್ಲಿ ಬೆಳೆಯುವ ಪಿಚರ್ಸ್ ಥಿಸಲ್ ಎಂಬ ಬೂದು ಬಣ್ಣದ ಮುಳ್ಳುಗಿಡ ಹೂಬಿಡಲು ಐದರಿಂದ ಎಂಟು ವರ್ಷ ತೆಗೆದುಕೊಳ್ಳುತ್ತದೆ. ಜೀವನದಲ್ಲಿ ಒಂದೇ ಸಲ ಹೂಬಿಟ್ಟು ಸಾಯುತ್ತದೆ. 1988ರಿಂದ ಅದು ಅಪಾಯಕ್ಕೀಡಾದ ಸಸ್ಯವೆಂದು ಕೇಂದ್ರ ಸರ್ಕಾರದ ಪಟ್ಟಿಯಲ್ಲಿದೆ. ಫೋಟೋಗಾಗಿ ಕಟಾಂಜನ ದಾಟಿ ದಿಬ್ಬ ಹತ್ತುವವರಿಗೆ ಕಾಲಡಿಯ ಈ ಗಿಡ ಕಾಣಿಸುವುದೇ ಇಲ್ಲ. ಗುರುತು ಹಾಕಿದ ಜಾಡು, ಮರದ ಮೆಟ್ಟಿಲು, ಹಲಗೆಯ ಕಾಲುಸೇತುವೆ ಬಿಟ್ಟು ಕದಲಬಾರದು ಎಂದು ಉದ್ಯಾನದವರು ಗದರಿಸಿ ಹೇಳಿದರೆ ಅದು ಅವರ ದರ್ಪವಲ್ಲ.

ಮರಳು ಚಲಿಸಿದರೆ ಏನಾಗುತ್ತದೆ ಎಂಬುದನ್ನು ತಲಕಾಡು ಕಂಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಲಡಿಂಗ್ಟನ್‌ಗೆ ದಕ್ಷಿಣದಲ್ಲಿ, ಸಾಗಟಕ್ ಎಂಬ ಊರಿನ ಬಳಿ, ಕಲಾಮಜೂ ನದಿಯ ಅಳಿವೆಯಲ್ಲಿ ಸಿಂಗಾಪುರ ಎಂಬ ಹೆಸರಿನ ಪಟ್ಟಣವೊಂದಿತ್ತು. 1871ರ ಅಕ್ಟೋಬರ್‌ನಲ್ಲಿ ಶಿಕಾಗೊ ನಗರ ಸುಟ್ಟುಹೋದಾಗ, ಅದನ್ನು ಮತ್ತೆ ಕಟ್ಟಲು ಬೇಕಾದ ಮರಕ್ಕಾಗಿ ಸುತ್ತಲಿನ ಕಾಡನ್ನೆಲ್ಲ ಕಡಿದರು. ಗಾಳಿಗೆ ಮರೆಯಾಗಿದ್ದ ಮರಗಳು ಹೋದ ಕೆಲವೇ ವರ್ಷಗಳಲ್ಲಿ ಊರು ದಿಬ್ಬಗಳಡಿ ಹುದುಗಿತು. ತಲಕಾಡಿಗೆ ಅಲಮೇಲಮ್ಮನ ಶಾಪವಾದರೂ ಇತ್ತು. ಸಿಂಗಾಪುರಕ್ಕೆ ಗರಗಸದ ಕಾರ್ಖಾನೆಯೇ ಸಾಕಾಯಿತು. ಮಸ್ಕೀಗನ್ ಎಂಬ ಊರಿನಲ್ಲಿ ಇದಕ್ಕೆ ತಿರುಗುಮುರುಗಾದದ್ದು ನಡೆಯಿತು. ಅಲ್ಲಿದ್ದ ಪಿಜನ್ ಹಿಲ್ ಎಂಬ ಬೃಹತ್ ದಿಬ್ಬವನ್ನು ಇಪ್ಪತ್ತನೆಯ ಶತಮಾನದಲ್ಲಿ ಎರಕದ ಕಾರ್ಖಾನೆಗಳ ಅಚ್ಚಿಗಾಗಿ ಅಗೆದು ಅಗೆದು ನೆಲಸಮ ಮಾಡಿದರು. ಮೋಟಾರು ಉದ್ಯಮದ ರಾಜ್ಯವಾದ ಮಿಷಿಗನ್ ದಿಬ್ಬಗಳ ಗಣಿಗಾರಿಕೆಯನ್ನು ನಿಯಂತ್ರಿಸುವ ಕಾಯ್ದೆ ತಂದದ್ದು 1976ರಲ್ಲಿ.

ಇನ್ನು ತಂಗುವ ಮಾತು. ಡೇರೆ ಎಂದ ಕೂಡಲೇ ಹಿರಿಯರಿಗೆ ಬರುವ ಮೊದಲ ಚಿಂತೆ ಶೌಚಾಲಯದ್ದು, ಮತ್ತು ಅದು ನ್ಯಾಯವಾದ ಚಿಂತೆ. ಇಲ್ಲಿನ ‘ಮಾಡರ್ನ್’ ಕ್ಯಾಂಪ್ ಆವರಣಗಳಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲೇ ಬಿಸಿನೀರಿನ ಸ್ನಾನದ ಮನೆ, ಶೌಚಾಲಯಗಳಿರುತ್ತವೆ. ಪ್ರತಿ ಜಾಗಕ್ಕೂ ವಿದ್ಯುತ್ ಸಂಪರ್ಕ, ಒಂದು ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ ಇರುತ್ತವೆ. ವಿದ್ಯುತ್ ಇರುವುದರಿಂದ ರೈಸ್ ಕುಕ್ಕರ್‌ನಲ್ಲಿ ಅನ್ನ ಮಾಡಿಕೊಂಡು, ಮನೆಯಿಂದ ತಂದ ಸಾರಿನಪುಡಿ, ಉಪ್ಪಿನಕಾಯಿಯ ಜೊತೆ ಊಟ ಮುಗಿಸುವುದು ಕಷ್ಟವೇನಲ್ಲ. ಆದರೆ ಉಳಿದ ಅನ್ನವನ್ನು ಮೇಜಿನ ಮೇಲೆ ಬಿಟ್ಟು ಮಲಗಬೇಡಿ; ರಕೂನ್ ಎಂಬ ಕಾಡುಪ್ರಾಣಿಗಳು ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ನಿಸ್ಸೀಮ. ನೆಲದ ಮೇಲೆ ಮಲಗಲು ಸೊಂಟ ಒಪ್ಪದವರಿಗೆ ಹಲವು ಉದ್ಯಾನಗಳಲ್ಲಿ ಮಂಚವಿರುವ ಪುಟ್ಟ ಕ್ಯಾಬಿನ್‌ಗಳು ಸಿಗುತ್ತವೆ. ಮರಳಿನಲ್ಲಿ ನಡೆಯಲಾಗದವರಿಗೆ, ಟ್ರ್ಯಾಕ್ಟರಿನ ಪಟ್ಟಿಯಂಥ ಚಕ್ರದ ವಿದ್ಯುತ್ ಗಾಲಿಕುರ್ಚಿಯನ್ನು ಕೆಲವು ಉದ್ಯಾನಗಳು ಉಚಿತವಾಗಿ ಬಳಸಲು ಕೊಡುತ್ತವೆ. ಮಂಡಿನೋವಿನ ಅಜ್ಜಿಯರನ್ನು ಮನೆಯಲ್ಲೇ ಬಿಟ್ಟು ಹೋಗುವ ಮುನ್ನ ಮಕ್ಕಳು ಇದನ್ನು ವಿಚಾರಿಸುವುದು ಒಳ್ಳೆಯದು.

ರಾತ್ರಿ ಹತ್ತರ ನಂತರ ಸದ್ದು ಮಾಡುವಂತಿಲ್ಲ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಯ ಸುಮಾರಿಗೆ. ಹಾಗಾಗಿ ನಾಲ್ಕು ಕುಟುಂಬ ಸೇರಿದಾಗ ಅಂತ್ಯಾಕ್ಷರಿ ಶುರುವಾಗುವ ಹೊತ್ತಿಗೆ ನಿಶ್ಶಬ್ದದ ಹೊತ್ತೂ ಬಂದಿರುತ್ತದೆ. ಪಕ್ಕದ ಡೇರೆಯಲ್ಲಿ ಹಸುಗೂಸು ಮಲಗಿರುತ್ತದೆ ಎಂಬುದನ್ನು ನಮ್ಮವರು ನೆನಪಿಡಬೇಕು. ಸೌದೆಯ ವಿಷಯವೂ ಹಾಗೆಯೇ. ಮನೆಯ ಹಿತ್ತಲಿನಿಂದ ಸೌದೆ ಕಟ್ಟಿಕೊಂಡು ಬರಬಾರದು ಎಂಬ ಸೂಚನೆಗೆ ಕಾರಣ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆ. ಏಷ್ಯಾದಿಂದ ಬಂದ ಇದು 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಯಿತು. ಸೌದೆಯೊಳಗೆ ಅಡಗಿ ಊರಿಂದೂರಿಗೆ ಸಾಗಿ ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿದೆ. ಸೌದೆಯನ್ನು ಉದ್ಯಾನದ ಬಳಿಯೇ ಕೊಳ್ಳಬೇಕು.

ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ನೀರಿನ ಬಗ್ಗೆ. ಮಿಷಿಗನ್ ಸರೋವರದ ಉದ್ದ ಸುಮಾರು 490 ಕಿಲೋಮೀಟರ್, ಅತಿ ಆಳ 281 ಮೀಟರ್. ಎದುರು ದಡ ಕಾಣುವುದಿಲ್ಲ. ನೀರು ಸಿಹಿ, ತಳ ನುಣ್ಣನೆಯ ಮರಳು, ಕಣ್ಣಿಗೆ ಕಾಣುವಂಥ ಭರತ ಇಳಿತವಿಲ್ಲ. ಹೀಗಾಗಿ ಮುರುಡೇಶ್ವರದಲ್ಲೋ ಗೋಕರ್ಣದಲ್ಲೋ ಮಕ್ಕಳ ಕೈ ಬಿಡದ ಹಿರಿಯರೂ ಇಲ್ಲಿ ಮೈಮರೆಯುತ್ತಾರೆ. ಪಶ್ಚಿಮದ ಗಾಳಿ ಸುಮಾರು ನೂರು ಕಿಲೋಮೀಟರ್ ತೆರೆದ ನೀರಿನ ಮೇಲೆ ಬೀಸಿ ಬಂದಾಗ ಎತ್ತರದ ಅಲೆಗಳು ಏಳುತ್ತವೆ. ಸಾಗರದ ಅಲೆಗಳ ನಡುವೆ ಇರುವಷ್ಟು ಬಿಡುವು ಇವುಗಳ ನಡುವೆ ಇಲ್ಲದ್ದರಿಂದ, ಒಂದು ಅಲೆಗೆ ಬಿದ್ದವರು ಎದ್ದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಹೊಡೆಯುತ್ತದೆ. ದಡಕ್ಕೆ ಸಮಾನಾಂತರವಾಗಿ ನೀರಿನಡಿ ಮರಳಿನ ಏರಿಗಳಿರುತ್ತವೆ. ಅವನ್ನು ದಾಟಿ ಒಳಗೆ ನುಗ್ಗಿದ ನೀರು ಏರಿಯ ನಡುವಿನ ಸಂದಿನಿಂದ ಒಮ್ಮೆಲೇ ಹೊರಗೆ ಹರಿಯುವಾಗ ಉಂಟಾಗುವ ಸೆಳವಿಗೆ ಸಿಕ್ಕವರು ದಡದ ಕಡೆಗೇ ಈಜಲು ಹೆಣಗಾಡಿ ದಣಿದು ಮುಳುಗುತ್ತಾರೆ. ಬೆನ್ನ ಮೇಲೆ ಮಲಗಿ ತೇಲಬೇಕು, ಗಾಬರಿ ಇಳಿದ ಮೇಲೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬರಬೇಕು. ಮುಳುಗುತ್ತಿರುವವರನ್ನು ಕಂಡವರು ಬರಿಗೈಯಲ್ಲಿ ನೀರಿಗೆ ಹಾರದೆ, ತೇಲುವ ಯಾವುದನ್ನಾದರೂ ಅವರತ್ತ ಎಸೆದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಬಂದರಿನ ಕಲ್ಲುಗೋಡೆಗಳ ಪಕ್ಕದಲ್ಲಂತೂ ಅಲೆ ಗೋಡೆಗೆ ಬಡಿದು ಹಿಂದಿರುಗಿ ಸದಾ ಒಂದು ಸೆಳವು ಇರುವುದರಿಂದ ಅಲ್ಲಿ ಈಜಲೇಬಾರದು.

ಉದ್ಯಾನದ ದಡದಲ್ಲಿ ಜೀವರಕ್ಷಕರು ಇರುವುದಿಲ್ಲ, ಬಾವುಟಗಳು ಇರುತ್ತವೆ. ಹಸಿರಾದರೆ ಅಪಾಯ ಕಡಿಮೆ, ಹಳದಿಯಾದರೆ ಎಚ್ಚರಿಕೆ, ಕೆಂಪಾದರೆ ನೀರಿನಿಂದ ದೂರವಿರಿ ಎಂದು ಅರ್ಥ. ಎರಡು ಕೆಂಪು ಬಾವುಟ ಏರಿದ್ದರೆ ನೀರಿಗಿಳಿಯುವುದಕ್ಕೇ ನಿಷೇಧ, ಮೀರಿದವರಿಗೆ ದಂಡವಿದೆ. ಇಂಗ್ಲಿಷ್ ಬಾರದ ಅಜ್ಜ ಅಜ್ಜಿಯರಿಗೂ ತಿಳಿಯುವ ವ್ಯವಸ್ಥೆ ಇದು. ಅಪ್ಪ ಅಮ್ಮ ಡೇರೆಯ ಗೂಟ ಬಡಿಯುತ್ತಿರುವಾಗ ಮೊಮ್ಮಕ್ಕಳನ್ನು ದಡಕ್ಕೆ ಕರೆದೊಯ್ಯುವವರು ಹೆಚ್ಚಾಗಿ ಇವರೇ ಆದ್ದರಿಂದ, ಬಾವುಟದ ಬಣ್ಣ ಮೊದಲು ಗೊತ್ತಿರಬೇಕಾದದ್ದು ಇವರಿಗೆ. ಸೀರೆಯುಟ್ಟು ಮೊಣಕಾಲಿನ ಮೇಲಿನ ನೀರಿಗೆ ಇಳಿಯುವುದು ಹಸಿರು ಬಾವುಟದ ದಿನವೂ ಬೇಡ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಸಣ್ಣ ಅಲೆಯೂ ಕೆಡವುತ್ತದೆ. ಇನ್ನೊಂದು ಸಂಗತಿ: ಬಡಗಣ ಗಾಳಿ ಒಂದೆರಡು ದಿನ ಬೀಸಿದರೆ ಮೇಲಿನ ಬೆಚ್ಚಗಿನ ನೀರು ದಡದಿಂದ ಸರಿದು ಆಳದ ಕೊರೆಯುವ ನೀರು ಮೇಲೆದ್ದು ಬರುತ್ತದೆ. ನಿನ್ನೆ ಹಾಯಾಗಿ ಆಡಿದ ನೀರು ಇಂದು, ಜುಲೈ ಬಿಸಿಲಿನಲ್ಲೂ, ಉಸಿರು ಕಟ್ಟಿಸುವಷ್ಟು ತಣ್ಣಗಿರಬಹುದು. ಚಿಕ್ಕ ಮಕ್ಕಳಿರುವ ಮನೆಯವರಿಗೆ ಹ್ಯಾಮ್ಲಿನ್ ಸರೋವರದ ಕಡೆಯ ದಡವೇ ಮೇಲು. ಅಲ್ಲಿ ನೀರು ಆಳವಿಲ್ಲ, ಬೆಚ್ಚಗಿರುತ್ತದೆ, ಅಲೆ ಕಡಿಮೆ. ಹಾಗೆಂದು ಅಲ್ಲಿಯೂ ಮಕ್ಕಳ ಮೇಲಿನ ಕಣ್ಣು ತೆಗೆಯುವಂತಿಲ್ಲ.

ನೀರಿಗಿಳಿಯದವರಿಗೆ ನೋಡಲು ಬಿಗ್ ಸೇಬಲ್ ದೀಪಸ್ತಂಭವಿದೆ. 1867ರಲ್ಲಿ ಕಟ್ಟಿದ 112 ಅಡಿ ಎತ್ತರದ ಈ ಸ್ತಂಭಕ್ಕೆ ಕಾರು ಹೋಗುವುದಿಲ್ಲ. ಕ್ಯಾಂಪ್ ಆವರಣದಿಂದ ದಿಬ್ಬಗಳ ನಡುವಿನ ದಾರಿಯಲ್ಲಿ ಸುಮಾರು ಮೂರು ಕಿಲೋಮೀಟರ್ ನಡೆಯಬೇಕು. ಇಟ್ಟಿಗೆ ಸವೆಯತೊಡಗಿದ್ದರಿಂದ 1900ರಲ್ಲಿ ಅದಕ್ಕೆ ಉಕ್ಕಿನ ಹೊದಿಕೆ ಹಾಕಿ ಬಿಳಿ, ಕಪ್ಪು ಪಟ್ಟೆ ಬಳಿದರು. ಇಂದು ಅದನ್ನು ನೋಡಿಕೊಳ್ಳುವವರು ಸರದಿಯ ಮೇಲೆ ಅಲ್ಲಿಯೇ ಬಂದು ತಂಗುವ ಸ್ವಯಂಸೇವಕರು. ಕ್ಯಾಂಪ್ ಆವರಣಗಳಲ್ಲಿಯೂ ಉಚಿತವಾಗಿ ತಂಗುವ ಅವಕಾಶಕ್ಕೆ ಪ್ರತಿಯಾಗಿ ವಾರಕ್ಕಿಷ್ಟು ಗಂಟೆ ಕೆಲಸ ಮಾಡುವ ಇಂಥವರಿದ್ದಾರೆ, ಅವರಲ್ಲಿ ನಿವೃತ್ತರೂ ಹಲವರು. ನಮ್ಮ ಹಿರಿಯರು ಸಂಕೋಚ ಬಿಟ್ಟು ಅವರನ್ನು ಮಾತಾಡಿಸಿದರೆ ಈ ದೇಶದ ಬಗ್ಗೆ ಯಾವ ಬಸ್ ಪ್ರವಾಸದಲ್ಲೂ ಸಿಗದ ತಿಳಿವಳಿಕೆ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಖರ್ಚಿನ ಬಗ್ಗೆ ಒಂದು ಮಾತು. ಈ ಉದ್ಯಾನಗಳು ರಾಜ್ಯದ ಸಾಮಾನ್ಯ ತೆರಿಗೆಯ ಮೇಲೆ ನಿಂತಿರುವುದು ತೀರ ಕಡಿಮೆ. ಪ್ರವೇಶ ಮತ್ತು ಕ್ಯಾಂಪ್ ಶುಲ್ಕ, ತೈಲ ಹಾಗೂ ಅನಿಲದ ರಾಯಧನ ಇವುಗಳಿಂದಲೇ ಬಹುಪಾಲು ನಡೆಯುತ್ತವೆ. 2010ರಿಂದ ಮಿಷಿಗನ್ ನಿವಾಸಿಗಳು ಕಾರಿನ ನೋಂದಣಿ ನವೀಕರಿಸುವಾಗಲೇ ಸಣ್ಣ ಮೊತ್ತ ಸೇರಿಸಿ ಕಟ್ಟಿದರೆ ವರ್ಷವಿಡೀ ರಾಜ್ಯದ ಎಲ್ಲ ಉದ್ಯಾನಗಳಿಗೂ ಆ ಕಾರಿಗೆ ಪ್ರವೇಶ. ಶಿಕಾಗೊದಂಥ ಹೊರರಾಜ್ಯದ ಊರುಗಳಿಂದ ಬರುವ ಕಾರುಗಳಿಗೆ ದರ ಬೇರೆ.

ಕ್ಯಾಂಪ್ ಜಾಗಗಳನ್ನು ಆರು ತಿಂಗಳು ಮುಂಚಿತವಾಗಿ ಕಾಯ್ದಿರಿಸಬಹುದು. ಲಡಿಂಗ್ಟನ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಜಾಗಗಳಿದ್ದರೂ ಬೇಸಿಗೆಯ ವಾರಾಂತ್ಯಗಳು ಬಹುಬೇಗ ಮುಗಿದುಹೋಗುತ್ತವೆ. ಆದ್ದರಿಂದ ಜೂನ್ ಅಥವಾ ಜುಲೈನಲ್ಲಿ ಬರುವ ಯೋಚನೆಯಿರುವವರು ಡಿಸೆಂಬರ್, ಜನವರಿಯಲ್ಲೇ ಮಕ್ಕಳಿಗೆ ತಿಳಿಸಬೇಕು. ವಾರದ ನಡುವಿನ ದಿನಗಳನ್ನು ಆರಿಸಿಕೊಂಡರೆ ಜಾಗ ಸಿಗುವುದು ಸುಲಭ, ದಡದಲ್ಲಿ ಜನಸಂದಣಿಯೂ ಕಡಿಮೆ. ವಿಮಾನದ ಟಿಕೆಟ್ ಕೊಳ್ಳುವ ಆ ದಿನಗಳಲ್ಲಿ ತಮ್ಮ ಪತ್ರಿಕೆ ಈ ವಿಷಯಕ್ಕೆ, ಅದರಲ್ಲೂ ಬಾವುಟಗಳ ಅರ್ಥಕ್ಕೆ, ಪ್ರವಾಸ ಪುಟದಲ್ಲಿ ಒಂದಿಷ್ಟು ಜಾಗ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಮಿಷಿಗನ್, ಅಮೆರಿಕ